ಅಕ್ಕ ಬಿಟ್ಟುಹೋದ ಮೂರು ಹಾಳೆ

ಅಕ್ಕ ತೀರಿಕೊಂಡು ಮೂರು ವಾರಕ್ಕೆ, ಒಂದು ಸೋಮವಾರ, ಬೊರಿವಲಿಯಿಂದ ಲೋಕಲ್ ಹಿಡಿದು ಬೈಕುಲ್ಲಾದ ಅವಳ ಆಫೀಸಿಗೆ ಹೋದೆ. ಕಾಂದಿವಲಿಯ ಒಂದು ಬಿಲ್ಡಿಂಗಿನ ನಕ್ಷೆಗಳನ್ನು ಅವಳು ಕಂಪ್ಯೂಟರಿನಲ್ಲಿ ಎಳೆದು ಮುಗಿಸಿದ್ದಳು. ಅವನ್ನು ಮೂರು ಹಾಳೆಗಳ ಮೇಲೆ ಜೋಡಿಸುವುದಷ್ಟೇ ಬಾಕಿ. ಅಷ್ಟರಲ್ಲಿ ಕಾಮಾಲೆ ಬಂತು.

ಆ ಹಾಳೆಗಳನ್ನು ಬೇರೆಯವರು ಮುಗಿಸುವುದು ನನಗೆ ಬೇಡವಾಗಿತ್ತು. ನಾನೂ ಡ್ರಾಫ್ಟ್ಸ್‌ಮನ್ ಕೋರ್ಸ್ ಮಾಡಿದವಳು, ಆದರೆ ಕಂಪ್ಯೂಟರ್ ಮುಟ್ಟಿದವಳಲ್ಲ. ಹಾಗೆಂದೇ ಆಫೀಸಿನ ಸಾಹೇಬರಿಗೆ ಹೇಳಿದೆ. ಅವರು ಬೆಂಗಳೂರಿನ ಕಡೆಯವರು, ಮಾತು ಕಡಿಮೆ.

"ಶನಿವಾರದ ತನಕ ನೋಡಿ. ಆಗದಿದ್ರೆ ಹೊರಗೆ ಕೊಡ್ತೀನಿ," ಅಂದರು.

ಪಕ್ಕದ ಮೇಜಿನ ಮರಾಠಿ ಆಪರೇಟರ್ ಕಲಿಸಲು ಕೂತ. ಪರದೆಯ ಮೇಲೆ ಖಾಲಿ ಹಾಳೆ. ಅದರಲ್ಲೊಂದು ಚೌಕ ತೆರೆದರೆ ಒಳಗೆ ಅಕ್ಕನ ನಕ್ಷೆ ಕಾಣುತ್ತದೆ. ಎರಡನೇ ಮಾಳಿಗೆಯ ನಕ್ಷೆಯ ಅಂಚು ಚೌಕದೊಳಗೆ ಹಿಡಿಸದೆ ಕತ್ತರಿಸಿಹೋಗಿತ್ತು. "ತಾಈ, ಖಿಡಕೀ ಬಡೀ ಕರೋ," ಎಂದು ಹೇಳಿ ಅವನು ಚಹಾ ಕುಡಿಯಲು ಎದ್ದ. ಕಿಟಕಿ ದೊಡ್ಡದು ಮಾಡಬೇಕು. ನಾನು ನಕ್ಷೆಯೊಳಗೆ ಹೋಗಿ ಮಲಗುವ ಕೋಣೆಯ ಕಿಟಕಿಯನ್ನು ಎರಡು ಅಡಿ ಅಗಲಿಸಿ ಸೇವ್ ಮಾಡಿದೆ.

ಬಂದವನು ನೋಡಿ ಹಣೆಗೆ ಕೈ ಹಚ್ಚಿಕೊಂಡ. "ಘರ್ ಕೀ ನಹೀ, ತಾಈ. ಕಾಗಜ್ ಕೀ ಖಿಡಕೀ." ಮನೆಯದಲ್ಲ, ಕಾಗದದ ಕಿಟಕಿ; ಹಾಳೆಯ ಮೇಲಿನ ಆ ಚೌಕವೇ ಅವನ ಬಾಯಲ್ಲಿ ಖಿಡಕಿ.

"ಬಿಡಪ್ಪಾ, ಇಷ್ಟು ಗಾಳಿ ಬಂದ್ರೆ ಆ ಮನೆಯವರಿಗೆ ಫ್ಯಾನೇ ಬೇಡ," ಅಂದರು ಸಾಹೇಬರು ಹಿಂದಿನಿಂದ, ಅವನಿಗೆ ತಿಳಿಯುವಂತೆ ಹಿಂದಿಯಲ್ಲಿ.

ಇಬ್ಬರೂ ನಕ್ಕರು. ನನಗೆ ನಗು ಬರಲಿಲ್ಲ. ಅಕ್ಕ ಎಳೆದ ಗೆರೆಯನ್ನು ನಾನು ಸರಿಸಿಬಿಟ್ಟಿದ್ದೆ. ಆಪರೇಟರ್ ಮೌಸಿಗೆ ಕೈ ಹಾಕಿದಾಗ, "ಬೇಡ, ನಾನೇ ಮಾಡ್ತೀನಿ," ಅಂದೆ. ಮೂರನೇ ಮಾಳಿಗೆಯ ಅದೇ ಕಿಟಕಿಯನ್ನು ಅಳೆದು, ಇದನ್ನು ಮೊದಲಿನ ಅಳತೆಗೆ ತಂದೆ. ಊಟದ ಹೊತ್ತು ಮೀರಿತ್ತು.

ಮರುದಿನದಿಂದ ನನಗೆ ಗೊತ್ತಿದ್ದ ದಾರಿ ಹಿಡಿದೆ. ಹಳೆಯ ಪೇಪರನ್ನು ಒಂದೊಂದು ನಕ್ಷೆಯ ಅಳತೆಗೆ ಕತ್ತರಿಸಿ, ಮೇಜಿನ ಮೇಲೆ ಹಾಸಿದ ಖಾಲಿ ಹಾಳೆಯ ಮೇಲೆ ಇಟ್ಟು ಸರಿಸಿ ನೋಡಿದೆ. ಹಿಡಿಸಲಿಲ್ಲವೆಂದು ನಕ್ಷೆಯನ್ನು ಕುಗ್ಗಿಸುವಂತಿಲ್ಲ. ನಕ್ಷೆಯ ಅಳತೆ ನೂರಕ್ಕೆ ಒಂದು ಅಂದರೆ ಅಷ್ಟೇ, ಮುನಿಸಿಪಾಲಿಟಿಯವರು ಸ್ಕೇಲ್ ಇಟ್ಟು ನೋಡುತ್ತಾರೆ. ಕಟ್ಟಡದ ಮುಂಭಾಗ ಮತ್ತು ಅದನ್ನು ಸೀಳಿದಂತೆ ಒಳಗನ್ನು ತೋರಿಸುವ ಸೀಳುನೋಟ ಅಕ್ಕಪಕ್ಕ ಕೂತು, ಎರಡರ ಮಾಳಿಗೆಗಳೂ ಒಂದೇ ಗೆರೆಗೆ ಬರಬೇಕು. ಪೇಪರಿನ ತುಂಡುಗಳು ಒಪ್ಪಿಕೊಂಡ ಮೇಲೆ, ಅಂಚಿನಿಂದ ಎಷ್ಟು ದೂರವೆಂದು ಬರೆದುಕೊಂಡು, ಆ ಅಂಕಿಗಳನ್ನೇ ಟೈಪ್ ಮಾಡಿ ಖಿಡಕಿಗಳನ್ನು ಕೂರಿಸಿದೆ. ನಾಲ್ಕು ದಿನ ಹಿಡಿಯಿತು.

ಶನಿವಾರ ಮಧ್ಯಾಹ್ನ ನಕ್ಷೆ ಎಳೆಯುವ ಯಂತ್ರದ, ಪ್ಲಾಟರಿನ, ಪೆನ್ನು ಮೊದಲ ಹಾಳೆಯ ಮೇಲೆ ಓಡತೊಡಗಿತು. ಮನುಷ್ಯರು ಎಳೆಯುವ ಕ್ರಮದಲ್ಲಿ ಅದು ಎಳೆಯುವುದಿಲ್ಲ. ಇಲ್ಲೊಂದು ಮೆಟ್ಟಿಲು, ಅಲ್ಲೊಂದು ಗೋಡೆ. ಮುಗಿಯುವವರೆಗೂ ನಾನು ಕೂರಲಿಲ್ಲ. ಸಾಹೇಬರು ಸ್ಕೇಲ್ ಇಟ್ಟು ಮೂರು ಕಡೆ ಅಳೆದರು, ಕೆಳಗೆ ಸಹಿ ಹಾಕಿದರು.

"ಎರಡನೇ ಹಾಳೆ ಹಾಕಲಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಹಾಕಿದೆ.