ಬೆಲ್ಟ್ ಕಟ್ಟಿಕೊಂಡ ಪುನರ್ಪುಳಿ

ಕೊಲ್ಲಿ ನಾಡಿನ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯಲ್ಲಿ ನಮ್ಮ ಎದುರು ಫ್ಲ್ಯಾಟಿನ ಅಕ್ಕ ಉಡುಪಿ ಕಡೆಯವರು. ಮೇ ತಿಂಗಳು ಬಂತೆಂದರೆ ಊರಿನಿಂದ ಬರುವವರ ಕೈಯಲ್ಲಿ ಪುನರ್ಪುಳಿ ಎನ್ನುವ ಕೋಕಂ ಹಣ್ಣು ತರಿಸಿ, ಸಿಪ್ಪೆಯ ಬಟ್ಟಲುಗಳಿಗೆ ಸಕ್ಕರೆ ತುಂಬಿ, ಗಾಜಿನ ಭರಣಿಯಲ್ಲಿ ಬಿಸಿಲಿಗಿಡುತ್ತಾರೆ. ಬಾಲ್ಕನಿಯಲ್ಲಿ ಏನೂ ಇಡಬಾರದೆಂಬುದು ಕಟ್ಟಡದ ನಿಯಮ. ಹಾಗಾಗಿ ಭರಣಿ ಅವರ ಕಾರಿನ ಮುಂದಿನ ಸೀಟಿನಲ್ಲಿ, ಬಾಯಿಗೆ ತೆಳು ಬಟ್ಟೆ ಹೊದ್ದು, ಬೆಲ್ಟ್ ಕಟ್ಟಿಕೊಂಡು ಕೂರುತ್ತದೆ. ಕಾರು ಓಡಿಸುವುದು ಅಕ್ಕ. ಅವರ ಗಂಡನಿಗೆ ಹಿಂದಿನ ಸೀಟು.

"ನನಗಿಲ್ಲದ ಮರ್ಯಾದೆ ಭರಣಿಗೆ ಉಂಟು ನೋಡಿ" ಎಂದು ಗಂಡ ನನ್ನ ಹತ್ತಿರ ದೂರುತ್ತಿದ್ದರು.

ವಾರದಲ್ಲಿ ಸಕ್ಕರೆಯೆಲ್ಲ ಕರಗಿ ಕಡುಗೆಂಪು ಪಾಕವಾಗುತ್ತದೆ. ಕಟ್ಟಡದ ಪ್ರತಿ ಮನೆಗೂ ಒಂದೊಂದು ಬಾಟಲಿ.

ಇಂಗ್ಲೆಂಡಿನಲ್ಲಿ ಸೇಬು, ಪಿಯರ್ ಹಣ್ಣಿನ ಹಳೆಯ ಪಾನೀಯಗಳನ್ನು ಜನರಿಗೆ ಪರಿಚಯಿಸಿದವರಿಗೆ ಪ್ರಶಸ್ತಿ ಕೊಡುತ್ತಾರೆಂದು ನಮ್ಮ ಕರಾವಳಿ ಕೂಟದ ಅಧ್ಯಕ್ಷರು ಎಲ್ಲೋ ಓದಿದರಂತೆ. ನಮ್ಮ ಪುನರ್ಪುಳಿಗೇಕೆ ಬೇಡ ಎಂದು ಕೂಟದಿಂದಲೂ ಒಂದು ಪ್ರಶಸ್ತಿ ಇಟ್ಟು, ಹೆಸರು ಸೂಚಿಸಲು ಕೇಳಿದರು. ಕಾನ್ವೆಂಟಿನ ಸಿಸ್ಟರ್ ಕಲಿಸಿದ ಹಾಗೆ ಅಂಚು ಬಿಟ್ಟು, ಒತ್ತಕ್ಷರ ತಪ್ಪದೆ, ಅಕ್ಕನ ಬಗ್ಗೆ ಎರಡು ಪುಟ ಬರೆದೆ. ಪ್ರಶಸ್ತಿ ಅವರಿಗೇ ಬಂತು.

"ಸ್ಟೇಜಿಗೆ ಹತ್ತುದಾ? ನನ್ನಿಂದ ಆಗ್ಲಿಕ್ಕಿಲ್ಲ ಮಾರಾಯ್ತಿ. ಮೈಕ್ ಕಂಡ್ರೆ ಕಾಲು ನಡುಗ್ತದೆ. ನೀನೇ ತಕೊಂಡು ಬಾ."

ನನಗೋ, ಆ ಪಾಕ ಮಾಡುವ ಕೈಗಳನ್ನು ನಾಲ್ಕು ಜನ ನೋಡಬೇಕೆಂಬ ಆಸೆ. ಕೊನೆಯ ಸಾಲಿನಲ್ಲಿ ಸುಮ್ಮನೆ ಕೂತರೆ ಸಾಕೆಂದು ಒಪ್ಪಿಸಿ ಒಂದೂವರೆ ಗಂಟೆ ದಾರಿಯ ಊದ್ ಮೇಥಾದ ಸಭಾಂಗಣಕ್ಕೆ ಹೊರಡಿಸಿದೆ. ಬಿಸಿಲು ತಪ್ಪಬಾರದೆಂದು ಭರಣಿಯೂ ಹೊರಟಿತು.

ಒಳಗೆ ಎಲ್ಲರಿಗೂ ಪೇಪರ್ ಲೋಟದಲ್ಲಿ 'ಪುನರ್ಪುಳಿ' ಹಂಚುತ್ತಿದ್ದರು. ಅಕ್ಕ ಒಂದು ಗುಟುಕು ಕುಡಿದರು. ಮುಖ ಬಿಗಿಯಿತು.

"ಇದೆಂಥದ್ದು? ಅಂಗಡಿಯ ಬಣ್ಣದ ನೀರು!"

ನಾನು ಸೆರಗು ಹಿಡಿಯುವಷ್ಟರಲ್ಲಿ ಅವರು ವೇದಿಕೆಯ ಮೇಲಿದ್ದರು.

"ನಮಸ್ಕಾರ. ಎಲ್ಲರೂ ಆ ಲೋಟ ಕೆಳಗಿಡಿ. ಅದು ಪುನರ್ಪುಳಿ ಅಲ್ಲ. ರೀ, ಕಾರಿನಿಂದ ಭರಣಿ ತನ್ನಿ. ಯಲ್ಲಾ, ಬೇಗ!"

ಸಭೆಯೆಲ್ಲ ನಕ್ಕಿತು. ಗಂಡ ಭರಣಿಯನ್ನು ಮಗುವಿನಂತೆ ಅಪ್ಪಿಕೊಂಡು ಬಂದರು. ತಣ್ಣೀರು, ಚಿಟಿಕೆ ಉಪ್ಪು, ಹುರಿದ ಜೀರಿಗೆ. ಅಕ್ಕ ಹೇಳುತ್ತಲೇ ಕಲಸಿದರು, ಬಡಿಸಿದರು. ಫಲಕ ಹಿಡಿದು ಕಾದು ನಿಂತ ಅಧ್ಯಕ್ಷರಿಗೆ, "ನಿಲ್ಲಿ, ಕೈ ಖಾಲಿ ಇಲ್ಲ. ನೀವು ಮೊದಲು ಕುಡೀರಿ" ಎಂದರು. ಮುಂದಿನ ಸಾಲಿನ ಪುಟ್ಟ ಹುಡುಗಿ ಮೇಲ್ದುಟಿಯ ಕೆಂಪು ಮೀಸೆ ಒರೆಸದೆ, "ಆಂಟಿ, ವನ್ ಮೋರ್ ಪ್ಲೀಸ್" ಎಂದು ಲೋಟ ಚಾಚಿದಳು.

ವಾಪಸು ಬರುವಾಗ ಕೇಳಿದೆ, "ಅಕ್ಕ, ಕಾಲು ನಡುಗಲಿಲ್ವಾ?"

"ನೋಡ್ಲಿಕ್ಕೆ ಪುರುಸೊತ್ತು ಎಲ್ಲಿತ್ತು?"

ಈ ಮೇ ತಿಂಗಳಲ್ಲೂ ಭರಣಿ ಮುಂದಿನ ಸೀಟಿನಲ್ಲೇ ಇದೆ. ಬಟ್ಟೆ ಹಾರದಂತೆ ಭಾರಕ್ಕೆ ಅದರ ಮೇಲೆ ಪ್ರಶಸ್ತಿಯ ಫಲಕ. ಅಕ್ಕನ ಗಂಡ ಹಿಂದಿನ ಸೀಟಿನಿಂದ ಕತ್ತು ಚಾಚಿ, ಕಾರು ತಿರುಗಿದಾಗಲೆಲ್ಲ ಅದನ್ನು ಹಿಡಿದುಕೊಳ್ಳುತ್ತಾರೆ.