ಡಗ್ಗದ ಎರಡನೇ ಏಟು

2002ರಲ್ಲಿ ನಾನು ಬೆಳ್ತಂಗಡಿ ಕಡೆ ಸರ್ಕಲ್ ಇನ್ಸ್‌ಪೆಕ್ಟರ್ ಆಗಿದ್ದೆ. ಕೊಲೆ ಮತ್ತು ಕೊಲೆಯತ್ನದ ಪ್ರಕರಣಗಳ ತನಿಖೆ ನನ್ನ ಹುದ್ದೆಗೆ ಸೇರಿದ ಕೆಲಸ. ಕತ್ತಿ, ಕೊಡಲಿ, ಪಿಕ್ಕಾಸು, ಒಮ್ಮೆ ತೆಂಗಿನಕಾಯಿ ಸುಲಿಯುವ ಕಬ್ಬಿಣ, ಹೀಗೆ ಜನ ಜನರನ್ನು ಕೊಲ್ಲಲು ಬಳಸಿದ ಬಗೆಬಗೆಯ ವಸ್ತುಗಳನ್ನು ನಾನು ವಶಪಡಿಸಿಕೊಂಡಿದ್ದೇನೆ. ಆದರೆ ತಬಲದ ಜೋಡಿಯೊಂದನ್ನು ಬಟ್ಟೆಯಲ್ಲಿ ಸುತ್ತಿ ಅರಗಿನ ಮುದ್ರೆ ಹಾಕಿದ್ದು ಅದೊಂದೇ ಸಲ.

ಆ ಬೇಸಿಗೆಯ ಒಂದು ಮಧ್ಯಾಹ್ನ ಚಾರ್ಮಾಡಿ ರಸ್ತೆಯಿಂದ ಒಳಗಿರುವ ಮನೆಯೊಂದರಲ್ಲಿ ಹೆಂಡತಿ ಗಂಡನ ತಲೆ ಒಡೆದಿದ್ದಾಳೆ ಎಂದು ಫೋನ್ ಬಂತು. ನಾವು ತಲುಪುವಷ್ಟರಲ್ಲಿ ಗಂಡ ಸಂಜೀವನನ್ನು ಜೀಪಿನಲ್ಲಿ ಮಂಗಳೂರಿಗೆ ಒಯ್ದಿದ್ದರು. ಆತ ಕೆಂಪುಕಲ್ಲಿನ ಕೋರೆಯಲ್ಲಿ ಕೆಲಸ ಮಾಡುವವ, ಗಟ್ಟಿ ಆಳು. ಹೆಂಡತಿ ವಾರಿಜ ಬೀಡಿ ಕಟ್ಟುವವಳು, ನಲವತ್ತರ ಹತ್ತಿರದ ವಯಸ್ಸು, ಮಕ್ಕಳಿರಲಿಲ್ಲ. ಆಕೆ ಅಂಗಳದಲ್ಲಿ ಕುಳಿತಿದ್ದಳು. ಎಡಗೈಗೆ ಸುತ್ತಿದ್ದ ಸೆರಗು ತೊಯ್ದು ರಕ್ತ ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ನಮ್ಮ ಮಹಿಳಾ ಪೇದೆ ಸೆರಗು ಬಿಡಿಸಿದಾಗ ಕಿರುಬೆರಳು ಇರಲಿಲ್ಲ. ಅದರ ಪಕ್ಕದ ಬೆರಳು ಚರ್ಮದ ಎಳೆಯಲ್ಲಿ ನೇತಾಡುತ್ತಿತ್ತು.

ಜಗಲಿಯಲ್ಲಿ ತಬಲ ಉರುಳಿ ಬಿದ್ದಿತ್ತು. ಅದರ ಚರ್ಮ ಸೀಳಿ, ಮರದ ಮೈಯಲ್ಲಿ ಆಳದ ಗಾಯವಾಗಿತ್ತು. ಎಡಗೈಯಲ್ಲಿ ನುಡಿಸುವ ಲೋಹದ ಡಗ್ಗ ಅಂಗಳದಲ್ಲಿತ್ತು. ತಾಮ್ರದ ಬುಡಕ್ಕೆ ರಕ್ತ ಮತ್ತು ಕೂದಲು ಅಂಟಿತ್ತು. ಬೆರಳು ಕಡಿದ ಕತ್ತಿ ಮಾತ್ರ ಎಲ್ಲಿಯೂ ಸಿಗಲಿಲ್ಲ.

ವಾರಿಜ ತುಳುವಿನಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಬರೆದುಕೊಂಡೆವು. ಊರಿನ ಭಜನಾ ಮಂದಿರದಲ್ಲಿ ಹೆಂಗಸರು ತಮ್ಮದೇ ತಂಡ ಮಾಡಿಕೊಂಡಿದ್ದರು. ಅವರಿಗೆ ತಬಲ ನುಡಿಸುವವರಿರಲಿಲ್ಲ. ತಾನೇ ಕಲಿಯುವುದೆಂದು ವಾರಿಜ ಬೀಡಿಯ ಬೋನಸ್ಸಿನಲ್ಲಿ ಮೂಡುಬಿದಿರೆಯಿಂದ ಹಳೆಯ ಜೋಡಿಯೊಂದನ್ನು ಕೊಂಡು ತಂದಳು. ಗಂಡ ಕೋರೆಗೆ ಹೋದ ಮೇಲೆ ಅಭ್ಯಾಸ ಮಾಡುತ್ತಿದ್ದಳು. ಆ ದಿನ ಆತ ಕುಡಿದು ಬೇಗ ಬಂದ. ತಬಲವನ್ನು ಕತ್ತಿಯಿಂದ ಸೀಳಿದ. ಆಮೇಲೆ "ಇನ್ನು ನಿನ್ನ ಕೈ" ಎಂದು ಆಕೆಯನ್ನು ಕೆಡವಿ, ಎಡಗೈಯನ್ನು ಜಗಲಿಯ ಅಂಚಿನಲ್ಲಿ ಮೊಣಕಾಲಿನಿಂದ ಅದುಮಿ, ಕಟ್ಟಿಗೆ ಕಡಿಯುವಂತೆ ಕಡಿದ. ಆತ ಮತ್ತೆ ಕತ್ತಿ ಎತ್ತಿದಾಗ ಆಕೆಯ ಬಲಗೈಗೆ ಸಿಕ್ಕಿದ್ದು ಡಗ್ಗದ ಬಾರು. ಅದನ್ನೇ ಹಿಡಿದು ಬೀಸಿದಳು. ಆಮೇಲೆ ಕಣ್ಣು ಕತ್ತಲೆ ಬಂತು, ಕತ್ತಿ ಎಲ್ಲಿ ಹೋಯಿತೋ ಗೊತ್ತಿಲ್ಲ ಎಂದಳು.

ಮರುದಿನ ಸಂಜೀವ ತೀರಿಕೊಂಡ. ಪ್ರಕರಣ ಕೊಲೆಯತ್ನದಿಂದ ಕೊಲೆಗೆ, ಅಂದರೆ ದಂಡ ಸಂಹಿತೆಯ 302ನೇ ಕಲಮಿಗೆ ಬದಲಾಯಿತು. ಮರಣೋತ್ತರ ಪರೀಕ್ಷೆಯಲ್ಲಿ ತಲೆಬುರುಡೆಗೆ ಎರಡು ಏಟು ಬಿದ್ದದ್ದು ಕಂಡಿತು. ಒಂದು ಹಣೆಯ ಪಕ್ಕಕ್ಕೆ, ಇನ್ನೊಂದು ಕಿವಿಯ ಮೇಲೆ.

ಸಂಜೀವನ ಅಣ್ಣ ದಾಮೋದರ ಠಾಣೆಗೆ ಬಂದು ಮೇಜು ಗುದ್ದಿದ. "ಸರ್, ನಲವತ್ತು ವರ್ಷದ ಹೆಂಗಸಿಗೆ ಎಂಥ ತಬಲ? ಅವಳು ಅದನ್ನು ಬಾರಿಸ್ಲಿಕ್ಕೆ ತಂದದ್ದಲ್ಲ, ನನ್ನ ತಮ್ಮನನ್ನು ಕೊಲ್ಲಲಿಕ್ಕೆ ತಂದದ್ದು. ಹಗುರದ್ದು ಬಿಟ್ಟು ಅಷ್ಟು ಭಾರದ್ದು ಯಾಕೆ ತಂದಳು, ಕೇಳಿ. ಬೆರಳು ಅವಳೇ ಕಡಿದುಕೊಂಡದ್ದು."

ಆರೋಪ ಕೇಳಲು ವಿಚಿತ್ರವಾಗಿದ್ದರೂ ತಳ್ಳಿಹಾಕುವಂತಿರಲಿಲ್ಲ. ಕತ್ತಿ ಸಿಕ್ಕಿರಲಿಲ್ಲ. ಮೊದಲು ಓಡಿಬಂದಿದ್ದ ನೆರೆಮನೆಯ ಗಿರಿಯಪ್ಪ "ನಾನು ಬರುವಾಗ ಎಲ್ಲ ಮುಗಿದಿತ್ತು, ಎಂಥದೂ ನೋಡಲಿಲ್ಲ" ಎಂದು ನೆಲ ನೋಡುತ್ತ ಹೇಳಿದ್ದ.

ವಾರಿಜಾಳಿಗೆ ಪಹರೆಯಲ್ಲಿ ಚಿಕಿತ್ಸೆ ನಡೆಯುತ್ತಿತ್ತು. ತಮ್ಮನ ಶವಸಂಸ್ಕಾರ ಮುಗಿಸಿದ ದಾಮೋದರ ನೇರ ಆಸ್ಪತ್ರೆಗೆ ನುಗ್ಗಿದ. ಪೇದೆಯನ್ನು ಗೋಡೆಗೆ ತಳ್ಳಿ, ವಾರಿಜಾಳನ್ನು ಕೂದಲು ಹಿಡಿದು ಮಂಚದಿಂದ ಎಳೆದು, ಬ್ಯಾಂಡೇಜಿನ ಕೈಯನ್ನೇ ತುಳಿದ. ಹೊಲಿಗೆ ಬಿಚ್ಚಿತು. ನಾನು ವಾರ್ಡಿಗೆ ಓಡಿದಾಗ ಆತನನ್ನು ಸೊಂಟ ಹಿಡಿದು ಎಳೆಯುತ್ತಿದ್ದವನು ಗಿರಿಯಪ್ಪ. ಅವನ ಹೆಂಡತಿ ವಾರಿಜಾಳಿಗೆ ಗಂಜಿ ಕೊಟ್ಟು ಕಳಿಸಿದ್ದಳಂತೆ. ದಾಮೋದರ ಮೊಣಕೈಯಿಂದ ಗುದ್ದಿ ಅವನ ಬಾಯಿ ಒಡೆದಿದ್ದ. ಗಂಜಿ, ರಕ್ತ, ಮುರಿದ ಹಲ್ಲು ಎಲ್ಲವೂ ನೆಲದ ಮೇಲಿತ್ತು.

ದಾಮೋದರನನ್ನು ಜೀಪಿಗೆ ಹತ್ತಿಸಿದ ಮೇಲೆ ಗಿರಿಯಪ್ಪ ಬಾಯಿ ಒರೆಸಿಕೊಂಡು ನನ್ನ ಹತ್ತಿರ ಬಂದ.

"ಕತ್ತಿ ಉಂಟು ಸರ್," ಎಂದ. "ಸಂಜೀವನ ಮುಷ್ಟಿಯಲ್ಲೇ ಇತ್ತು. ಬಿದ್ದ ಮೇಲೂ ಬಿಟ್ಟಿರಲಿಲ್ಲ. ನನ್ನ ಹಿಂದೆಯೇ ಓಡಿಬಂದು ಬೆರಳು ಬಿಡಿಸಿ ತೆಗೆದವನು ದಾಮೋದರ. ಹೇಳಿದರೆ ನನ್ನನ್ನೂ ಕಡಿಯುತ್ತೇನೆ ಅಂದ. ಇವತ್ತು ಹೇಗೂ ಹೊಡೆದ. ಇನ್ನು ಹೆದರಿ ಎಂಥ ಮಾಡುವುದು?"

ದಾಮೋದರನ ಬಚ್ಚಲುಮನೆಯ ಸೌದೆಯ ಅಡಿಯಲ್ಲಿ ಕತ್ತಿ ಸಿಕ್ಕಿತು. ಹಿಡಿಯ ಸಂದಿನಲ್ಲಿ ಒಣಗಿದ ರಕ್ತವಿತ್ತು. ತಬಲದ ಮರದ ಮೇಲಿನ ಗಾಯ ಆ ಅಲಗಿನದ್ದೇ ಎಂದು ಪ್ರಯೋಗಾಲಯ ವರದಿ ಕೊಟ್ಟಿತು. ವೈದ್ಯರು ಇನ್ನೊಂದು ಸಂಗತಿ ಹೇಳಿದರು: ಎಕ್ಸ್‌ರೇಯಲ್ಲಿ ವಾರಿಜಾಳ ಪಕ್ಕೆಲುಬು ಮತ್ತು ಮುಂಗೈಯಲ್ಲಿ ಹಿಂದೆ ಮುರಿದು ತಾನಾಗಿ ಕೂಡಿಕೊಂಡ ಎಲುಬುಗಳು ಕಂಡಿದ್ದವು. ಆಕೆ ಅದರ ಬಗ್ಗೆ ನಮಗೆ ಒಂದು ಮಾತೂ ಹೇಳಿರಲಿಲ್ಲ.

ಉಳಿದದ್ದು ಭಾರದ ಡಗ್ಗದ ಪ್ರಶ್ನೆ. ನಾನೇ ಮೂಡುಬಿದಿರೆಗೆ ಹೋದೆ. ಹಳೆಯ ವಾದ್ಯಗಳನ್ನು ರಿಪೇರಿ ಮಾಡಿ ಮಾರುತ್ತಿದ್ದ ಹಸನಬ್ಬನವರಿಗೆ ವಾರಿಜಾಳ ನೆನಪು ಚೆನ್ನಾಗಿತ್ತು. ತಬಲ ಕೊಳ್ಳಲು ಒಬ್ಬಳೇ ಬಂದ ಬೇರೆ ಹೆಂಗಸನ್ನು ಅವರು ನೋಡಿರಲಿಲ್ಲ.

"ಅವರು ಕೇಳಿದ್ದು ಅಲ್ಯುಮಿನಿಯಂದು ಸರ್. ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಹೋಗಲಿಕ್ಕೆ ಹಗುರ, ಕ್ರಯವೂ ಕಡಿಮೆ. ನಾನೇ ಬೇಡ ಅಂದೆ. ಹೊಸತಾಗಿ ಕಲಿಯುವವರಿಗೆ ಹಗುರದ ಡಗ್ಗ ಕೊಟ್ಟರೆ ಕೈ ಒತ್ತುವಾಗ ಹೊರಳುತ್ತದೆ, ಸ್ವರ ನಿಲ್ಲುವುದಿಲ್ಲ. ಆಮೇಲೆ ತಮಗೆ ಬರುವುದಿಲ್ಲ ಅಂತ ಬಿಟ್ಟುಬಿಡ್ತಾರೆ. ಹೊಟ್ಟೆ ಜಜ್ಜಿಹೋದ ಹಳೆ ತಾಮ್ರದ್ದೊಂದು ಇತ್ತು. ನೋಡಲಿಕ್ಕೆ ಚಂದ ಇಲ್ಲ, ಸ್ವರ ಒಳ್ಳೆಯದುಂಟು. ಅದೇ ಕ್ರಯಕ್ಕೆ ಕೊಟ್ಟೆ." ಆಮೇಲೆ ಕೇಳಿದರು: "ಅದರಿಂದಲೇ ಆ ಮನುಷ್ಯ ಸತ್ತದ್ದಾ ಸರ್?"

ಹೌದು ಎಂದೆ. ಅವರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು.

"ಅವರು ಇನ್ನೊಂದು ಕೇಳಿದ್ದರು," ಎಂದರು ಆಮೇಲೆ. "ಮನೆಯವರಿಗೆ, ನೆರೆಯವರಿಗೆ ಕೇಳದ ಹಾಗೆ ಬಾರಿಸುವುದು ಹೇಗೆ ಅಂತ. ಮೇಲೆ ಬಟ್ಟೆ ಹಾಸಿ ಬಾರಿಸಿ, ಬೆರಳಾದರೂ ಕಲಿಯುತ್ತದೆ ಅಂದೆ."

ಮಹಜರಿನಲ್ಲಿ, ಅಂದರೆ ಪಂಚರ ಎದುರು ಬರೆದ ಸ್ಥಳ ವರದಿಯಲ್ಲಿ, ಡಗ್ಗದ ಮುಖಕ್ಕೆ ನಾಲ್ಕು ಮಡಿಕೆ ಹಳೆ ಸೀರೆಯ ತುಂಡು ಕಟ್ಟಿತ್ತೆಂದು ನಾವೇ ಬರೆದಿದ್ದೆವು. ಆಗ ಅದರ ಅರ್ಥ ನಮಗೆ ಹೊಳೆದಿರಲಿಲ್ಲ. ಕೊಲ್ಲಲು ತಂದ ಡಗ್ಗವನ್ನು ಯಾರೂ ಸದ್ದು ಕೇಳದಂತೆ ಬಟ್ಟೆ ಕಟ್ಟಿ ನುಡಿಸುತ್ತ ಕೂರುವುದಿಲ್ಲ.

ಆತ್ಮರಕ್ಷಣೆಯ ಹಕ್ಕನ್ನು ಒಪ್ಪುವುದು ನ್ಯಾಯಾಲಯದ ಕೆಲಸ, ನಮ್ಮದಲ್ಲ ಎಂದು ಮೇಲಧಿಕಾರಿಗಳು ಹೇಳಿದರು. ಹಾಗಾಗಿ ಆರೋಪಪಟ್ಟಿ ಹೋಯಿತು. ಆದರೆ ಆಕೆಯ ಪರವಾಗಿ ಸಿಕ್ಕ ಯಾವುದನ್ನೂ ನಾನು ಬಿಡಲಿಲ್ಲ. ವಾರಿಜ ವಿಚಾರಣೆ ಮುಗಿಯುವವರೆಗೆ ಜೈಲಿನಲ್ಲಿದ್ದಳು.

ಮಂಗಳೂರಿನ ಕೋರ್ಟಿನಲ್ಲಿ ಎಲ್ಲವೂ ಎರಡನೇ ಏಟಿಗೆ ಬಂದು ನಿಂತಿತು. ಮೊದಲನೆಯದು ಪ್ರಾಣ ಉಳಿಸಿಕೊಳ್ಳಲು ಎಂದೇ ಇಟ್ಟುಕೊಳ್ಳುವ, ಬಿದ್ದವನಿಗೆ ಮತ್ತೆ ಹೊಡೆದದ್ದು ಏಕೆ ಎಂಬುದು ಸರ್ಕಾರಿ ವಕೀಲರ ವಾದ. ಆರೋಪಿಯ ಹೇಳಿಕೆ ಪಡೆಯುವಾಗ ನ್ಯಾಯಾಧೀಶರೂ ಅದನ್ನೇ ಕೇಳಿದರು. ವಾರಿಜ ಕಟಕಟೆಯ ಮರವನ್ನು ಮೂರು ಬೆರಳಿನ ಕೈಯಲ್ಲಿ ಹಿಡಿದು ನಿಂತಿದ್ದಳು.

"ಅವರು ಬೀಳಲಿಲ್ಲ ಸ್ವಾಮಿ. ಇನ್ನೊಂದು ಮೊಣಕಾಲೂ ಊರಿದರು, ಅಷ್ಟೆ. ಕತ್ತಿ ಕೈಯಲ್ಲೇ ಇತ್ತು. ನನ್ನ ಕೈ ಇನ್ನೂ ಅವರ ಕಾಲಿನ ಅಡಿಯಲ್ಲೇ ಇತ್ತು."

ಗಿರಿಯಪ್ಪ, ಮುಂದಿನ ಹಲ್ಲಿಲ್ಲದ ಬಾಯಲ್ಲಿ, ಮುಷ್ಟಿಯಲ್ಲಿದ್ದ ಕತ್ತಿಯ ಬಗ್ಗೆ ಸಾಕ್ಷಿ ನುಡಿದ. ಸರ್ಕಾರಿ ವಕೀಲರು ಎಷ್ಟು ತಿರುಗಿಸಿ ಕೇಳಿದರೂ ಕದಲಲಿಲ್ಲ. ವಾರಿಜಾಳ ಬಿಡುಗಡೆಯಾಯಿತು. ಸಾಕ್ಷ್ಯ ಬಚ್ಚಿಟ್ಟದ್ದಕ್ಕೆ ಮತ್ತು ಆಸ್ಪತ್ರೆಯ ಹಲ್ಲೆಗೆ ದಾಮೋದರನಿಗೆ ಪ್ರತ್ಯೇಕ ಪ್ರಕರಣದಲ್ಲಿ ಶಿಕ್ಷೆಯಾಯಿತು.

ಕೆಲವು ವರ್ಷಗಳ ನಂತರ ಮೆಲ್ಕಾರಿನ ಬಸ್‌ಸ್ಟ್ಯಾಂಡಿನಲ್ಲಿ ಆಕೆ ನನ್ನನ್ನು ಗುರುತು ಹಿಡಿದು ಮಾತಾಡಿಸಿದಳು. ತಂಗಿಯ ಮನೆಯಲ್ಲಿದ್ದಳು. ಭಜನೆಗೆ ಹೋಗುತ್ತೀರಾ ಎಂದು ಕೇಳಿದೆ.

"ಹೋಗ್ತೇನೆ ಸರ್. ಹಾಡ್ತೇನೆ. ತಬಲದ ಹತ್ತಿರ ಮಾತ್ರ ಕೂತುಕೊಳ್ಳುವುದಿಲ್ಲ. ಯಾರಾದರೂ ಜೋರಾಗಿ ಬಾರಿಸಿದರೆ ಎದ್ದು ಹೊರಗೆ ಬರ್ತೇನೆ."

ಬಸ್ಸು ಬಂತು, ಆಕೆ ಹತ್ತಿ ಹೋದಳು.

ಕೊಲೆಗೆ ಬಳಕೆಯಾದ ವಸ್ತು ಸಿಕ್ಕಿದರೆ ಅರ್ಧ ತನಿಖೆ ಮುಗಿದಂತೆ ಎಂದು ತರಬೇತಿಯಲ್ಲಿ ಕಲಿಸುತ್ತಿದ್ದರು. ಮುಂದೆ ನಾನು ಕಿರಿಯರಿಗೆ ಕಲಿಸಬೇಕಾಗಿ ಬಂದಾಗ ಹಾಗೆ ಹೇಳಲಿಲ್ಲ. ಆ ವಸ್ತುವನ್ನು ಯಾರು, ಯಾವ ಆಸೆಯಿಂದ ಮನೆಗೆ ತಂದರು ಎಂದು ಅಂಗಡಿಯವರೆಗೂ ಹೋಗಿ ಕೇಳಿ ಬನ್ನಿ, ಆಮೇಲೆ ಮುದ್ರೆ ಹಾಕಿ ಎಂದೆ.