ಭೀಮಶಿಯ ಫೌಜದಾರ

ಕುಬಿಹಾಳದ ಭೀಮಶಿಗೆ ಇಂಗ್ಲಿಷ್ ಬಾರದು. ಆದರೂ ಆರು ವರ್ಷಗಳಿಂದ ಪ್ರತಿ ರವಿವಾರ ಮಧ್ಯಾಹ್ನ ಸಮುದಾಯ ಭವನದ ಟಿವಿಯಲ್ಲಿ ಹಾಲಿವುಡ್ಡಿನ ಹಳೆಯ ಕೌಬಾಯ್ ನಗೆಚಿತ್ರ ಹಚ್ಚಿ, ಅದರ ಧ್ವನಿ ಬಂದ್ ಮಾಡಿ, ಎಲ್ಲರ ಮಾತನ್ನೂ ತಾನೇ ಆಡುತ್ತಾನೆ. ವಯಸ್ಸು ಅರವತ್ತೆರಡು, ಕಸುಬು ಕುರಿ ಕಾಯುವುದು. ಗಂಭೀರವಾದ ಕೌಬಾಯ್ ಚಿತ್ರ ಅವನಿಗೆ ಸೇರದು.

"ಅದರಾಗ ಬಂದೂಕ ಇದ್ದಾಂವ ಗೆಲ್ತಾನ. ಅದನ್ನ ನೋಡಾಕ ಟಿವಿ ಯಾಕ ಬೇಕ್ರಿ?"

ನಗೆಚಿತ್ರದಲ್ಲಿ ಗುಂಡಿಗಿಂತ ಮೊದಲು ಟೋಪಿ ಹಾರುತ್ತದೆ. ಕುದುರೆ ಯಜಮಾನನ ಮಾತು ಕೇಳುವುದಿಲ್ಲ. ಜನ ಬರುವುದು ಅದಕ್ಕೇ.

ಆ ಚಿತ್ರಗಳಲ್ಲಿ ಎದೆಗೆ ನಕ್ಷತ್ರ ಚುಚ್ಚಿಕೊಂಡು ಮೆರೆಯುವ ಪೊಲೀಸ್ ಅಧಿಕಾರಿಗೆ ಭೀಮಶಿ ಇಟ್ಟ ಹೆಸರು ಫೌಜದಾರ. ಅವನಿಗೆ ಕೊಟ್ಟ ಧ್ವನಿ ಯಾರದೆಂದು ಊರಿಗೇ ಗೊತ್ತಿತ್ತು: ಮಾತಿಗೊಮ್ಮೆ ಕೆಮ್ಮಿ "ಅಗದಿ ಬರೋಬ್ಬರಿ" ಎನ್ನುವ ಶಂಕ್ರಪ್ಪನದು. ಊರಲ್ಲಿ ಲೈಸೆನ್ಸ್ ಬಂದೂಕು ಇರುವುದು ಅವನೊಬ್ಬನಲ್ಲಿ. ಜೋಳ ಕೊಯ್ದ ಮೇಲೆ ಭೀಮಶಿ ತನ್ನ ಎಂಬತ್ತು ಕುರಿಗಳನ್ನು ಮೇಯಿಸಿ, ರಾತ್ರಿ ಗೊಬ್ಬರಕ್ಕೆಂದು ತರುಬುವುದೂ ಶಂಕ್ರಪ್ಪನ ಮನೆಯ ಹಳ್ಳದ ಹೊಲದಲ್ಲೇ. ಮಾರ್ಚಿನಲ್ಲಿ ಬೇರೆಲ್ಲೂ ಮೇವಿಲ್ಲ.

ಕಳೆದ ಲೋಕಸಭಾ ಚುನಾವಣೆ ಘೋಷಣೆಯಾದ ಮರುದಿನ, ನಿಯಮದಂತೆ ಬಂದೂಕನ್ನು ಠಾಣೆಗೆ ಒಪ್ಪಿಸಲು ಹೊರಟ ಶಂಕ್ರಪ್ಪ ದಾರಿಯಲ್ಲಿ ಭವನದೊಳಗೆ ಬಂದ. ಮೊದಲ ಸಾಲಿನಲ್ಲಿ ಕುಳಿತು ಬಂದೂಕನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡ.

ತೆರೆಯ ಮೇಲೆ ಫೌಜದಾರ ಕಾಳಗಕ್ಕೆಂದು ನಡುಬೀದಿಗೆ ಬರುತ್ತಿದ್ದ. ಅವನ ತುಟಿಗಳು ಅಲ್ಲಾಡಿದವು. ಭೀಮಶಿಯ ಬಾಯಿ ಕಟ್ಟಿತ್ತು.

"ಯಾಕಲೇ, ಫೌಜದಾರ ಮೂಕ ಆದ್ನೇನು?" ಶಂಕ್ರಪ್ಪ ಕೇಳಿದ.

ಭೀಮಶಿ ಕೀರಲು ಧ್ವನಿಯಲ್ಲಿ ಏನೋ ಗೊಣಗಿದ.

"ಹಂಗಲ್ಲ. ನನ್ನಂಗ ಮಾತಾಡ್ತಾನ ಅಂತ ಕೇಳೀನಿ. ಆಡಸು. ಆದ್ರ ನಾಳಿಗೆ ಕುರಿ ಎಲ್ಲಿಗೆ ಹೊಡಕೊಂಡು ಹೋಗ್ತಿ, ಅದನ್ನೂ ವಿಚಾರ ಮಾಡು."

ಬಾಗಿಲ ಬಳಿಯಿದ್ದ ಇಬ್ಬರು ಮೆಲ್ಲಗೆ ಹೊರಗೆ ಜಾರಿದರು. ಭೀಮಶಿ ಟಿವಿಯನ್ನು ನೋಡಿದ, ಬಂದೂಕನ್ನು ನೋಡಿದ. ಫೌಜದಾರನ ಕೈ ಸೊಂಟಕ್ಕೆ ಇಳಿಯಿತು. ಭೀಮಶಿ ಕೆಮ್ಮಿದ.

"ಅಗದಿ ಬರೋಬ್ಬರಿ! ಎಣಸಲೇ ಮಗನ, ಮೂರು ಅನ್ನೂದ್ರಾಗ ನಿನ್ನ ಹೆಣಾ..."

ತೆರೆಯ ಮೇಲೆ ಬಂದೂಕಿನ ಬದಲು ಬೆಲ್ಟು ಕಳಚಿ ಕೈಗೆ ಬಂತು. ಫೌಜದಾರನ ಪ್ಯಾಂಟು ಪಾದಕ್ಕೆ ಬಿತ್ತು.

ಯಾರೂ ನಗಲಿಲ್ಲ. ಆಮೇಲೆ ಹೆಂಗಸರ ಸಾಲಿನಿಂದ ಒಂದೇ ಒಂದು ನಗೆ, ತಡೆದರೂ ತಡೆಯದೆ, ಸಿಡಿಯಿತು. ನಕ್ಕವಳು ರೇವವ್ವ, ಶಂಕ್ರಪ್ಪನ ಹೆಂಡತಿ. ನಲವತ್ತು ವರ್ಷ ಆ ಕೆಮ್ಮಿನೊಡನೆ ಬಾಳಿದವಳು.

ಶಂಕ್ರಪ್ಪ ಎದ್ದು ನಿಂತ. "ಭೀಮಶಿ, ಹಳ್ಳದ ಹೊಲದಾಗ ಒಂದು ಕುರಿ ಕಾಲಿಟ್ರ ನೋಡು."

"ಆ ಹೊಲ ನಮ್ಮಪ್ಪ ನನಗ ಕೊಟ್ಟದ್ದು," ರೇವವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಪಹಣಿ ಉತಾರದಾಗ ನನ್ನ ಹೆಸರೈತಿ. ಭೀಮಶಿ, ನಾಳಿಗೆ ಕುರಿ ತರುಬು. ನೀವು ಬಂದೂಕ ಕೊಟ್ಟು ಬರ್ರಿ, ಹೊತ್ತಾತು."

ಶಂಕ್ರಪ್ಪ ಬಾಗಿಲಲ್ಲಿ ತನ್ನ ಬಿಳಿ ಟೋಪಿಯನ್ನು ಒಮ್ಮೆ ಮುಟ್ಟಿ ನೋಡಿಕೊಂಡು ಹೊರಟುಹೋದ.

ಸೋಮವಾರ ಎಂಬತ್ತು ಕುರಿಗಳೂ ಹಳ್ಳದ ಹೊಲದಲ್ಲಿದ್ದವು. ಫೌಜದಾರ ಈಗಲೂ ಕೆಮ್ಮುತ್ತಾನೆ.